ಮುನವಳ್ಳಿಯ ನೀಲಿ ವಾಯರ್

ಸಂಜೆಯಾಯಿತೆಂದರೆ ನಮ್ಮ ಕೌಂಟರಿನ ಫೋನು ಕೆಳಗಿಡುವ ಹಾಗಿಲ್ಲ. "ನೆಟ್ ಬರವಲ್ದು", "ಬಂದರೂ ತೆವಳಾಕತ್ತೈತಿ", "ಬಿಲ್ ಕೇಳಾಕಷ್ಟ ನಿಮ್ಮ ಮಂದಿ ಲಗೂನ ಬರ್ತಾರ". ಎಲ್ಲರಿಗೂ "ನೋಡತೇವ್ರಿ" ಎನ್ನುತ್ತೇನೆ. ನೋಡುವುದಕ್ಕೆ ಏನೂ ಇಲ್ಲ. ನೆಟ್ ಯಾಕೆ ತೆವಳುತ್ತದೆ ಎಂಬುದು ನನಗೆ ಗೊತ್ತು, ಏನು ಮಾಡಿದರೆ ಓಡುತ್ತದೆ ಎಂಬುದೂ ಗೊತ್ತು. ಗೊತ್ತಿದ್ದೂ ಸುಳ್ಳು ಹೇಳುವುದು ನನಗೆ ಹೊಸದಲ್ಲ. ಅದನ್ನೇ ಬರೆಯಲು ಕುಳಿತಿದ್ದೇನೆ.

ನಾನು ಏಳನೆಯ ಇಯತ್ತೆಗೆ ಸಾಲಿ ಬಿಟ್ಟವಳು. ಬೈಲಹೊಂಗಲದ ಪೇಟೆಯಲ್ಲಿ ಕೇಬಲ್ ಟಿವಿ ನಡೆಸುತ್ತಿದ್ದ ಮಾಲಕರೊಬ್ಬರ ಬಳಿ ಮೊದಲು ಕಸ ಹೊಡೆಯಲು ಸೇರಿದೆ, ಆಮೇಲೆ ಪಾವತಿ ಹರಿಯಲು ಕುಳಿತೆ. ಟಿವಿ ನೋಡುವವರು ಕಡಿಮೆಯಾಗಿ ಎಲ್ಲರೂ ಮೊಬೈಲಿಗೆ ಬಿದ್ದಾಗ ಮಾಲಕರು ಅದೇ ಕಂಬಗಳ ಮೇಲೆ ಫೈಬರ್ ಎಳೆಸಿ ನೆಟ್ ಕೊಡಲು ಶುರುಮಾಡಿದರು. ಆಗ ನನ್ನ ತಮ್ಮನನ್ನು ಕರೆತಂದವಳು ನಾನೇ. ಅವನು ಪಾಲಿಟೆಕ್ನಿಕ್ ಮುಗಿಸಿ ಮೊಬೈಲ್ ರಿಪೇರಿ ಮಾಡಿಕೊಂಡಿದ್ದ. "ನನ್ನ ತಮ್ಮಗ ತಿಳಿಯದ ಮಷಿನ್ ಇಲ್ರಿ" ಎಂದು ಮಾಲಕರಿಗೆ ಹೇಳಿದ್ದೆ. ಹೇಳುವಾಗ ನಂಬಿಯೇ ಹೇಳಿದ್ದೆ.

ನಮ್ಮ ನೆಟ್ ಬೈಲಹೊಂಗಲದಿಂದ ಹೊರಟು ಒಂದು ಕಡೆ ಕಿತ್ತೂರು, ದೇಗಾಂವದವರೆಗೆ ಹೋಯಿತು. ಇನ್ನೊಂದು ಕಡೆ ನೇಸರಗಿಗೆ, ಮತ್ತೊಂದು ಕಡೆ ಸವದತ್ತಿ, ಮುನವಳ್ಳಿ ದಾಟಿ ರಾಮದುರ್ಗಕ್ಕೆ. ಊರೂರಿಗೆ ವಾಯರುಗಳೆಲ್ಲ ಬಂದು ಸೇರುವ ಸ್ವಿಚ್ಚಿನ ಡಬ್ಬಿಯೊಂದನ್ನು ಇಡಬೇಕು, ಅದಕ್ಕೆ ಕರೆಂಟು ಬೇಕು, ಮಳೆ ತಾಗದ ಜಾಗ ಬೇಕು. ಬಾಡಿಗೆ ಕೊಟ್ಟು ಕೋಣೆ ಹಿಡಿಯುವ ಶಕ್ತಿ ಮಾಲಕರಿಗಿರಲಿಲ್ಲ. ಹಾಗಾಗಿ ಪರಿಚಯದವರ ಮನೆ, ಬೀಗರ ಅಂಗಡಿ, ಎಲ್ಲಿ ಮಾತು ನಡೆಯುತ್ತದೋ ಅಲ್ಲಿ ಇಟ್ಟೆವು. ಅವರಿಗೆ ನೆಟ್ ಪುಕ್ಕಟೆ. ಮುನವಳ್ಳಿಯ ಡಬ್ಬಿ ನಮ್ಮ ಚಿಗವ್ವನ ಮನೆಯ ಒಳಕೋಣೆಯಲ್ಲಿ, ದೇವರ ಜಗಲಿಯ ಪಕ್ಕದ ಮಾಡದಲ್ಲಿ ಕುಳಿತಿತು. ಬೇರೆ ಗಂಡಸರು ಅಲ್ಲಿಗೆ ಹೋಗುವುದು ಚಿಗವ್ವನಿಗೆ ಸೇರುತ್ತಿರಲಿಲ್ಲ. ಅದರ ಉಸ್ತುವಾರಿ ನನಗೆ ಬಂತು. ಲೈಟು ಉರಿಯುತ್ತಿದೆಯೇ ನೋಡುವುದು, ಇನ್ವರ್ಟರಿಗೆ ನೀರು ಹಾಕುವುದು, ಹಲ್ಲಿ ಹೊಕ್ಕಿದ್ದರೆ ಓಡಿಸುವುದು.

ಗಿರಾಕಿಗಳು ಹೆಚ್ಚಾದಂತೆ ಸಂಜೆಯ ಗೋಳು ಶುರುವಾಯಿತು. ಹೊರಗಿನಿಂದ ಕೊಂಡ ನೆಟ್ ಕಡಿಮೆಯಾಗಿದೆ ಎಂದು ಮಾಲಕರು ಇನ್ನಷ್ಟು ಕೊಂಡರು. ಆದರೂ ಅಷ್ಟೇ. ತಮ್ಮ ಒಂದು ವಾರ ಲ್ಯಾಪ್‌ಟಾಪಿನ ಮುಂದೆ ಕುಳಿತವನು ಒಂದು ಮಧ್ಯಾಹ್ನ ನನ್ನ ಕೌಂಟರಿನ ಮುಂದೆ ನೆಲದ ಮೇಲೆ ಬಳಪದಿಂದ ಗೆರೆ ಎಳೆಯುತ್ತ ಕೇಳಿದ.

"ಅಕ್ಕಾ, ಬಸ್‌ಸ್ಟ್ಯಾಂಡಿನ ಮೈಕ್ ಕೇಳಿಯಿಲ್ಲೋ?"

"ಕೇಳದ ಏನು. ಕೇಳಿದರೂ ತಿಳಿಯಂಗಿಲ್ಲ ಅದು."

"ಬೈಲಹೊಂಗಲ, ಕಿತ್ತೂರ, ಸವದತ್ತಿ, ರಾಮದುರ್ಗ, ನಾಕೂ ಬಸ್‌ಸ್ಟ್ಯಾಂಡಿಗೆ ಒಂದ ಮೈಕ್ ಐತಿ ಅಂತ ತಿಳಕೋ. ರಾಮದುರ್ಗದಾಗ ಒಬ್ಬಾಂವ ಚೀಲಾ ಕಳಕೊಂಡ್ರ ಕಿತ್ತೂರಾಗ ಕುಂತ ಮುದುಕೀನೂ ಕಿವಿಗೊಟ್ಟ ಕೇಳಬೇಕು. ಕೇಳಿ, ನಂದಲ್ಲ ಅಂತ ಸುಮ್ಮನಾಗಬೇಕು. ದಿನಾಪೂರ್ತಿ ಇದ."

"ತಲಿ ಕೆಡತೈತಿ ಮುದುಕೀದು."

"ನಮ್ಮ ಡಬ್ಬಿಗೋಳ ತಲೀನೂ ಹಂಗ ಕೆಟ್ಟಾವು. ಮುನವಳ್ಳಿಯೊಳಗ ಒಂದ ಮೊಬೈಲ್ ಚಾಲೂ ಆತಂದ್ರ, 'ಈ ನಂಬರ್ ಯಾರದು, ನನಗ ನಂಬರ್ ಯಾರ ಕೊಡ್ತೀರಿ' ಅಂತ ಒದರತೈತಿ. ನಾಕೂ ತಾಲೂಕಿನ ಮಷಿನ್ ಎಲ್ಲಾ ಕೈಯಾನ ಕೆಲಸಾ ಬಿಟ್ಟ ಅದನ್ನ ಕೇಳತಾವು. ಸಂಜಿ ಎಲ್ಲಾರೂ ಕೂಡೇ ಒದರಿದ್ರ ಬಸ್ ಹೊಂಡಾಕ ಜಾಗಾ ಎಲ್ಲಿ?"

ಅವನ ಉಪಾಯವೂ ಅದರಲ್ಲೇ ಇತ್ತು. ಒಂದೊಂದು ಊರಿಗೆ ಒಂದೊಂದು ಮೈಕ್. ಕಿತ್ತೂರಿನ ಕೂಗು ಕಿತ್ತೂರಿನಲ್ಲೇ ಉಳಿಯಬೇಕು, ಸವದತ್ತಿಯದು ಸವದತ್ತಿಯಲ್ಲೇ. ಊರ ಬಾಯಿಗೆ ಒಂದು ರೂಟರ್ ಕೂರಿಸಿದರೆ ಅದು ಕೂಗನ್ನು ಹೊರಗೆ ಬಿಡುವುದಿಲ್ಲ. ವಿಳಾಸ ಬರೆದುಕೊಂಡು ಬಂದದ್ದನ್ನು ಮಾತ್ರ ಮುಂದಿನ ಊರಿಗೆ ದಾಟಿಸುತ್ತದೆ. ವಿಳಾಸದ ನಂಬರುಗಳನ್ನೂ ಊರ ಪ್ರಕಾರ ಹಂಚಬೇಕು, ಆಗ ನಂಬರು ನೋಡಿದರೆ ಊರು ತಿಳಿಯುತ್ತದೆ. ರಾಮದುರ್ಗದ ಯಾವ ಓಣಿ, ಯಾವ ಮನೆ ಎಂಬುದು ಕಿತ್ತೂರಿನ ರೂಟರಿಗೆ ಬೇಕಾಗಿಲ್ಲ. ಇದು ರಾಮದುರ್ಗದ್ದು, ಆ ಕಡೆ ಕಳಿಸು, ಅಷ್ಟು ತಿಳಿದರೆ ಸಾಕು. ಹಳ್ಳಿಗಳು ಊರುಗಳ ಕೆಳಗೆ ಬಂದವು. ನೇಸರಗಿ ಬೈಲಹೊಂಗಲದ ಕೆಳಗೆ, ದೇಗಾಂವ ಕಿತ್ತೂರಿನ ಕೆಳಗೆ, ಮುನವಳ್ಳಿ ಸವದತ್ತಿಯ ಕೆಳಗೆ.

ಮಾಲಕರಿಗೆ ಇದು ಹಿಡಿಸಲಿಲ್ಲ. "ಇದ್ದ ದಾರಿಗೆ ನೀ ಯಾಕ ಗೇಟ್ ಹಾಕ್ತಿ? ಗೇಟ್ ಹಾಕಿದ್ರ ಗಾಡಿ ನಿಧಾನ ಆಗತಾವೋ ಜೋರ್ ಆಗತಾವೋ?" ಎಂದರು. ತಮ್ಮ ಹಗ್ಗ ಜಗ್ಗಿದಂತೆ ಜಗ್ಗಿ ಒಪ್ಪಿಸಿದ. ರೂಟರಿನ ಡಬ್ಬಿಗಳು ಬಂದವು. ಮಾಲಕರು ಒಂದು ಮಾತು ಹೇಳಿಯೇ ಕೊಡಿಸಿದರು: ಇದು ಕೆಟ್ಟರೆ ಬೆಳಗಾವಿಯ ಗುತ್ತಿಗೆದಾರನಿಗೆ ಎಲ್ಲವನ್ನೂ ಒಪ್ಪಿಸುತ್ತೇನೆ, ನೀನು ಅವನ ಕೈಕೆಳಗೆ ಕಂಬ ಹತ್ತು.

ರಾಮದುರ್ಗಕ್ಕೆ ಅವನು ಬೈಲಹೊಂಗಲದಿಂದಲೇ ಬೇರೆಯವರ ಫೈಬರಿನಲ್ಲಿ ನೇರ ದಾರಿ ಹಿಡಿದ. ಮುನವಳ್ಳಿಯ ಮೂಲಕ ಹೋಗುತ್ತಿದ್ದ ಹಳೆಯ ದಾರಿ ಬೇಡವಾಯಿತು. ಆ ದಿನ ನಾನೂ ಚಿಗವ್ವನ ಮನೆಗೆ ಹೋಗಿದ್ದೆ. ಅವನು ಮಾಡದಲ್ಲಿನ ಸ್ವಿಚ್ಚಿನಿಂದ ಒಂದು ನೀಲಿ ವಾಯರ್ ಕಿತ್ತು, ತುದಿಯನ್ನು ಹಾಗೇ ಜೋತುಬಿಟ್ಟ.

"ಅಕ್ಕಾ, ಇದು ರಾಮದುರ್ಗದ ಹಳೇ ವಾಯರ್. ಹೊಸಾ ಲೈನ್ ಯಾವಾಗರ ಕಡೀತಂದ್ರ ಬೇಕಾಗತೈತಿ, ಅದಕ್ಕ ಇಟ್ಟೇನಿ. ಅಲ್ಲೀತನಕ ಇದನ್ನ ಯಾರೂ ಹಚ್ಚಬಾರದು. ಹಚ್ಚಿದ್ರ ಸವದತ್ತಿ ರಾಮದುರ್ಗ ಹಿತ್ತಲ ಬಾಗಿಲದಿಂದ ಕೂಡಿಬಿಡತಾವು."

"ನನಗ ಯಾಕ ಹೇಳ್ತಿ, ನಾ ಏನ್ ಸಣ್ಣಾಕಿ ಏನು?" ಎಂದೆ.

ಆಮೇಲಿನ ಎರಡು ತಿಂಗಳು ನೆಮ್ಮದಿಯಾಗಿ ಹೋದವು. ಸಂಜೆ ಫೋನು ಬರುತ್ತಲೇ ಇರಲಿಲ್ಲ. ಕೌಂಟರಿನಲ್ಲಿ ಕುಳಿತು ಶೇಂಗಾ ಸುಲಿಯುವಷ್ಟು ಪುರಸೊತ್ತು. ಮಾಲಕರು ಗಿರಾಕಿಗಳ ಮುಂದೆ "ನಾನ ಗೇಟ್ ಹಾಕ್ಸೇನ್ರಿ" ಎನ್ನತೊಡಗಿದ್ದರು. ತಮ್ಮ ನಗುತ್ತಿದ್ದ.

ಮಾನೌಮಿ ಬಂತು. ಖಂಡೇಪೂಜೆಯ ದಿನ ನಮ್ಮ ಕಡೆ ಕುಡುಗೋಲಿನಿಂದ ಟ್ರ್ಯಾಕ್ಟರಿನವರೆಗೆ ತೊಳೆಯದ, ಒರೆಸದ ಸಾಮಾನು ಉಳಿಯುವುದಿಲ್ಲ. ಹಿಂದಿನ ದಿನವೇ ಚಿಗವ್ವ ಫೋನು ಮಾಡಿ, "ನಿಮ್ಮ ಮಷಿನ್ ನನ್ನ ಜಗಲಿ ಬಾಜೂಕ ಕುಂತೈತಿ. ಮಿಕ್ಕಿದ್ದಕ್ಕೆಲ್ಲಾ ಪೂಜಿ ಆಗಿ ಅದೊಂದ ಧೂಳ ಹಿಡಕೊಂಡ ಕುಂತರ ಚಂದ ಕಾಣತೈತೇನ? ನನಗ ಮುಟ್ಟಾಕ ಅಂಜಿಕಿ, ನೀ ಬಾ" ಎಂದಿದ್ದಳು. ಹೋದೆ. ಜೇಡರ ಬಲೆ ತೆಗೆದೆ. ಒರೆಸಲು ಅಡ್ಡವಾಗುತ್ತದೆಂದು ವಾಯರುಗಳನ್ನೆಲ್ಲ ಬಿಚ್ಚಿ ಸ್ವಿಚ್ಚನ್ನು ಹೊಸ ಅರಿವೆಯಿಂದ ಒರೆಸಿದೆ, ಈಬತ್ತಿ ಬಳಿದು ಕುಂಕುಮ ಇಟ್ಟೆ, ಚೆಂಡು ಹೂವಿನ ಸರ ಹಾಕಿದೆ. ವಾಯರುಗಳನ್ನು ತಿರುಗಿ ಚುಚ್ಚುವಾಗ ನೀಲಿಯದೊಂದು ಉಳಿಯಿತು. ಸ್ವಿಚ್ಚಿನಲ್ಲಿ ಒಂದು ತೂತೂ ಖಾಲಿ ಇತ್ತು.

"ಅದೊಂದ ಯಾಕ ಜೋತಾಡಾಕತ್ತೈತಿ?" ಎಂದಳು ಚಿಗವ್ವ, ಕೈಯಲ್ಲಿ ಆರತಿ ತಟ್ಟೆ ಹಿಡಿದು. "ಹಬ್ಬದ ದಿವಸ ಹಂಗ ಬಿಡಬಾರದವಾ."

"ಹಚ್ಚತೇನಿ ತಡಿ."

ಚುಚ್ಚಿದೆ. ಸಣ್ಣ ಹಸಿರು ಲೈಟು ಮಿಣುಕಿತು. "ನೋಡು, ಅದಕ್ಕೂ ಜೀವಾ ಬಂತು" ಎಂದು ಚಿಗವ್ವ ಆರತಿ ಎತ್ತಿದಳು. ತಮ್ಮನ ಮಾತು ನೆನಪಾಗಲಿಲ್ಲವೇ ಎಂದು ಯಾರಾದರೂ ಕೇಳಿದರೆ ಏನು ಹೇಳಲಿ? ಬೆರಳಿನ ತುದಿಯಲ್ಲಿ ಒಂದು ಕ್ಷಣ ಏನೋ ತಡೆದಂತಾಗಿತ್ತು. ಅಷ್ಟರಲ್ಲಿ ಆರತಿ ಮುಂದೆ ಬಂತು, ಕೈಮುಗಿದೆ. ಹೋಳಿಗೆ ಉಂಡು ಬಸ್ ಹಿಡಿದೆ.

ಮರುದಿನ ಬನ್ನಿ ಕೊಟ್ಟು ತೆಗೆದುಕೊಳ್ಳುವ ಹೊತ್ತಿಗೇ ರಾಮದುರ್ಗದಿಂದ ಫೋನು. ಕೆಲವು ಮನೆಗಳಿಗೆ ನೆಟ್ ಇಲ್ಲ, ಪಕ್ಕದ ಮನೆಗಳಿಗೆ ಇದೆ. ಅದರ ಮರುದಿನ ಅವರಿಗೆ ಬಂತು, ಇವರಿಗೆ ಹೋಯಿತು. ಸವದತ್ತಿಯ ಕಿರಾಣಿ ಅಂಗಡಿಯವನ ಸ್ಕ್ಯಾನಿಗೆ ರೊಕ್ಕ ಬೀಳಲೊಲ್ಲದು, ಮುನವಳ್ಳಿಯ ಗೊಬ್ಬರದಂಗಡಿಯವನದು ಮಧ್ಯಾಹ್ನ ಸರಿ, ಸಂಜೆ ಇಲ್ಲ. ಪೂರ್ತಿ ಸತ್ತಿದ್ದರೆ ಹುಡುಕುವುದು ಸುಲಭವಿತ್ತು. ಇದು ಒಂದು ಗಳಿಗೆ ಎದ್ದು ಒಂದು ಗಳಿಗೆ ಮಲಗುವ ರೋಗ.

ನಾಲ್ಕೈದು ದಿನ ಬೈಕಿನ ಮೇಲೆ ಅಲೆದ ತಮ್ಮ ಕೌಂಟರಿಗೆ ಬಂದು ನಿಂತ. ಮುಖ ಧೂಳಿನಿಂದ ಬೆಳ್ಳಗಾಗಿತ್ತು. ಮಾಲಕರು ಪಕ್ಕದ ಕುರ್ಚಿಯಲ್ಲಿ ಚಹಾ ಕುಡಿಯುತ್ತಿದ್ದರು.

"ರಾಮದುರ್ಗದ ಮನಿಗೋಳು ಸವದತ್ತಿ ನಂಬರ್ ಹಿಡಕೊಂಡ ಕುಂತಾವು. ಎಲ್ಲೋ ಎರಡೂ ಕೂಡ್ಯಾವು" ಎಂದ. ಆಮೇಲೆ ನನ್ನ ಕಡೆ ತಿರುಗಿ, "ಅಕ್ಕಾ, ಚಿಗವ್ವನ ಮನ್ಯಾಗ ಆ ನೀಲಿ ವಾಯರ್ ಯಾರರ ಹಚ್ಯಾರೇನು? ನೀ ಹಬ್ಬಕ್ಕ ಹೋಗಿದ್ದೆಲ್ಲ?" ಎಂದು ಕೇಳಿದ.

ಮಾಲಕರು ಬಟ್ಟಲು ಕೆಳಗಿಟ್ಟು ನನ್ನನ್ನು ನೋಡಿದರು. ಅವರು ಎಷ್ಟೋ ಸಲ ನಕ್ಕಿದ್ದರು, "ಈಕಿನೂ ಅರ್ಧಾ ಎಂಜಿನಿಯರ್ ಆಗ್ಯಾಳ ನೋಡ್ರಿ" ಎಂದು. ಆ ಮಾತು ನನಗೆ ಇಷ್ಟವಿತ್ತು.

"ನಾ ಯಾಕ ಹಚ್ಚಲಿ? ಪೂಜಿ ಮಾಡಿದೆ, ಬಂದೆ. ಜೋತಬಿದ್ದದ್ದು ಜೋತಬಿದ್ದಂಗ ಐತಿ" ಎಂದೆ.

"ನೋಡಿಯಿಲ್ಲೋ, ಖರೇನ?"

"ಕಣ್ಣಾರೆ ನೋಡೇನಿ ಅಂತ ಹೇಳಾಕತ್ತೇನಲ್ಲ!" ಜೋರು ಮಾಡಿದೆ. ಸುಳ್ಳು ಹೇಳುವವರ ದನಿ ಯಾಕೆ ಏರುತ್ತದೆ ಎಂದು ಆಗ ತಿಳಿಯಿತು.

"ಹೂಂ ಹಂಗಾರ" ಎಂದು ಅವನು ಬೈಕ್ ಹತ್ತಿದ. ಚಿಗವ್ವನಿಗೂ ಫೋನು ಮಾಡಿದನಂತೆ. "ನಾವು ಅದಕ್ಕ ಕೈನೂ ಹಚ್ಚಿಲ್ಲಪಾ" ಎಂದಳಂತೆ ಅವಳು. ಅವಳ ಮಟ್ಟಿಗೆ ಅದು ಖರೆಯೇ.

ಮುನವಳ್ಳಿಯದು ಅಗ್ಗದ ಸಾದಾ ಸ್ವಿಚ್ಚು, ದೂರದಿಂದ ಲ್ಯಾಪ್‌ಟಾಪಿನಲ್ಲಿ ಕೇಳಿದರೆ ಉತ್ತರ ಕೊಡುವಂಥದ್ದಲ್ಲ. ಕಣ್ಣಿಂದ ನೋಡಿಯೇ ತಿಳಿಯಬೇಕು. ನಾನು ನೋಡಿದ್ದೇನೆಂದು ಹೇಳಿದ ಮೇಲೆ ಅವನು ಆ ಮನೆಯೊಂದನ್ನು ಬಿಟ್ಟು ಉಳಿದ ಎಲ್ಲ ಕಡೆ ಹುಡುಕಿದ. ಕಬ್ಬಿನ ಗಾಡಿಗಳು ಕೇಬಲ್ ಹರಿದಾಗ ಯಾರಾದರೂ ಕಂಬದ ಮೇಲೆ ತಪ್ಪು ಜೋಡಿಸಿರಬಹುದೆಂದು ಕಂಬ ಕಂಬ ಹತ್ತಿದ. ಸವದತ್ತಿಯ ಗುಡ್ಡದ ಬದಿ ಮಂಗಗಳು ಕಡಿದ ಜಾಗವನ್ನೆಲ್ಲ ಬಿಚ್ಚಿ ಮತ್ತೆ ಜೋಡಿಸಿದ. ಎರಡು ರೂಟರುಗಳ ಸೆಟ್ಟಿಂಗ್ ಅಳಿಸಿ ಮೊದಲಿನಿಂದ ಬರೆದ. ಸಂಜೆ ನನ್ನ ಎದುರಿನ ಸ್ಟೂಲಿನ ಮೇಲೆ ಕುಳಿತು, "ನಾ ಎಲ್ಲೋ ಲೆಕ್ಕಾ ತಪ್ಪೇನಿ ಅಕ್ಕಾ, ಎಲ್ಲಿ ಅಂತ ಹೊಳಿವಲ್ದು" ಎನ್ನುತ್ತಿದ್ದ. ಚಹಾ ತಂದುಕೊಡುತ್ತಿದ್ದೆ. ಬಾಯಿ ತೆರೆಯಬೇಕೆಂದುಕೊಳ್ಳುವುದು, ಅಷ್ಟರಲ್ಲಿ ಫೋನು ಬರುವುದು, ಯಾರೋ ಬೈಯುವುದು. ಅವರು ಬೈಯುತ್ತಿದ್ದುದು ಅವನನ್ನು. ಕೇಳಿಕೊಂಡು "ಹೌದ್ರಿ, ನೋಡಾಕತ್ತಾರ್ರಿ" ಎನ್ನುವವಳು ನಾನು. ಒಂದು ದಿನ ಕಳೆದ ಮೇಲೆ ಹೇಳುವುದು ಮೊದಲ ದಿನಕ್ಕಿಂತ ಕಷ್ಟ, ವಾರ ಕಳೆದ ಮೇಲೆ ಇನ್ನೂ ಕಷ್ಟ. ಈಗ ಹೇಳಿದರೆ ವಾಯರ್ ಹಚ್ಚಿದ್ದಕ್ಕಲ್ಲ, ಇಷ್ಟು ದಿನ ಅವನನ್ನು ಕಂಬ ಹತ್ತಿಸಿದ್ದಕ್ಕೆ ಉತ್ತರ ಕೊಡಬೇಕಿತ್ತು.

ದೀಪಾವಳಿ ಹತ್ತಿರ ಬಂದಾಗ ಮಾಲಕರು ತೀರ್ಪು ಕೊಟ್ಟರು. "ಸಾಕಪಾ ನಿನ್ನ ಗೇಟು. ಗುರುವಾರ ಮಧ್ಯಾಹ್ನ ಎಲ್ಲಾ ಕಿತ್ತ ಮೊದಲಿನಂಗ ಮಾಡು. ಮೊದಲ ನಿಧಾನ ಇತ್ತು, ಖರೆ. ಆದ್ರ ಇತ್ತು."

ಗುರುವಾರ ಬೆಳಿಗ್ಗೆ ತಲೆನೋವೆಂದು ಹೇಳಿ ಮುನವಳ್ಳಿಯ ಬಸ್ ಹತ್ತಿದೆ. ಮನಸ್ಸಿನಲ್ಲಿದ್ದದ್ದು ಇಷ್ಟೇ: ಅವನು ರೂಟರ್ ಕೀಳುವ ಮೊದಲು ನಾನು ಆ ವಾಯರ್ ಕೀಳಬೇಕು. ನೆಟ್ ಸರಿಹೋಗುತ್ತದೆ, ರೂಟರುಗಳು ಉಳಿಯುತ್ತವೆ, ಯಾರಿಗೂ ಏನೂ ಹೇಳಬೇಕಿಲ್ಲ. ಎಂಥ ಜಾಣತನ!

ಚಿಗವ್ವನ ಮನೆಗೆ ಕೀಲಿ ಬಿದ್ದಿತ್ತು. ಎದುರುಮನೆಯಾಕೆ ಕಟ್ಟೆಯ ಮೇಲೆ ಅಕ್ಕಿ ಹಸನು ಮಾಡುತ್ತಿದ್ದಳು.

"ಗೋವಿನಜ್ವಾಳಾ ಮುರ್ಯಾಕ ಹೊಲಕ್ಕ ಹೋಗ್ಯಾರವಾ. ಬರ್ತಾರ, ಕುಂದರ ಬಾ."

"ಕೀಲಿ ಎಲ್ಲೆರ ಇಟ್ಟ ಹೋಗ್ಯಾರೇನ್ರಿ?"

"ಅಕಿ ಕೀಲಿಕೈ ಬಿಟ್ಟ ಹೋಗೂ ಪೈಕಿ ಏನು? ಸೊಂಟದಾಗ ಸಿಗಿಸಿಕೊಂಡ ಹೋಗತಾಳ. ಅಲ್ಲಾ, ನಿಮ್ಮ ನೆಟ್‌ಗ ಏನ ಬ್ಯಾನಿ ಬಂದೈತಿ? ಮೊಮ್ಮಗಳ ಜೋಡಿ ಮಾತಾಡಬೇಕಂದ್ರ ಅಕಿ ಮಾರಿ ಅರ್ಧಾ ಬಂದ ನಿಂತಬಿಡತೈತಿ. ಮ್ಯಾಲಿಂದಷ್ಟ ಕಾಣತೈತಿ, ಬಾಯಿ ಕಾಣೂದಿಲ್ಲ."

"ಇವತ್ತ ಸರಿ ಆಗತೈತ್ರಿ."

"ನಿಮ್ಮ ಇವತ್ತ ಎಂದ ಬರತೈತೋ ಏನೋ" ಎಂದು ನಕ್ಕು ಮೊರ ಕೇರಿದಳು.

ಹೊಲ ಯಾವ ದಿಕ್ಕಿನಲ್ಲಿದೆ ಎಂಬುದೂ ನನಗೆ ನೆಟ್ಟಗೆ ಗೊತ್ತಿರಲಿಲ್ಲ. ಚಿಗವ್ವನಿಗೆ ಫೋನು ಮಾಡಿದರೆ ಅದು ಮನೆಯೊಳಗೇ ರಿಂಗಾಗುತ್ತಿತ್ತು. ಕಿಟಕಿಗೆ ಕಣ್ಣಿಟ್ಟರೆ ಒಳಕೋಣೆಯ ಕತ್ತಲು, ಅದರೊಳಗೆ ಹಸಿರು ಚುಕ್ಕಿಗಳು. ಕೈಗೆ ಸಿಗಲೊಲ್ಲದು. ಹೊತ್ತು ನೆತ್ತಿಗೇರಿತು. ಚಿಗವ್ವ ತಲೆಯ ಮೇಲೆ ಸಿಂಬಿ, ಸಿಂಬಿಯ ಮೇಲೆ ಮೇವಿನ ಹೊರೆ ಹೊತ್ತು ಬಂದು, "ಯವ್ವಾ, ಹೇಳಕಳಿಸಿದ್ರ ನಾ ಮನ್ಯಾಗ ಇರ್ತಿದ್ನಿಲ್ಲ" ಎನ್ನುತ್ತ ಕೀಲಿ ತೆಗೆಯುವಷ್ಟರಲ್ಲಿ ಮಧ್ಯಾಹ್ನ ಆಗಿಯೇ ಹೋಗಿತ್ತು. ಕಾಲು ತೊಳೆಯದೆ ಒಳಗೆ ಓಡಿ ನೀಲಿ ವಾಯರ್ ಕಿತ್ತೆ. ಅದರ ಲೈಟು ಆರಿತು.

ಹೊರಗೆ ಬಂದು ನೀರು ಕುಡಿಯುತ್ತಿದ್ದಾಗ ತಮ್ಮನ ಫೋನು ಬಂತು.

"ಅಕ್ಕಾ, ತಲಿನೋವು ಕಡಿಮಿ ಆತೇನು? ... ಎಲ್ಲಾ ರೂಟರ್ ತಗದೆ, ಕಡೇದ್ದು ಈಗಷ್ಟ. ಈಗ ರಾಮದುರ್ಗ, ಸವದತ್ತಿ ಎಲ್ಲಾ ಬಂತು. ತಗದ ಕೂಡಲೇ ಬಂತು." ಕಡೆಗೆ, "ನಂದ ತಪ್ಪಿತ್ತು ನೋಡು" ಎಂದ.

ಹಿಂದಿನಿಂದ ಮಾಲಕರ ದನಿ ಕೇಳುತ್ತಿತ್ತು: "ನಾ ಮೊದಲ ಹೇಳಿದ್ನೋ ಇಲ್ಲೋ!"

ನಾನು ವಾಯರ್ ಕಿತ್ತಿದ್ದಕ್ಕೆ ಬಂದ ನೆಟ್, ಅವನು ರೂಟರ್ ತೆಗೆದಿದ್ದಕ್ಕೆ ಬಂತೆಂದು ಎಲ್ಲರಿಗೂ ಅನಿಸಿತ್ತು. ಅವನ ತಪ್ಪಿಗೆ ಸಾಕ್ಷಿ ತಯಾರಾಗಿತ್ತು, ತಯಾರು ಮಾಡಿದವಳು ನಾನು. ಆಗಲೂ ಹೇಳಲಿಲ್ಲ.

ಬೆಳಗಾವಿಯ ಗುತ್ತಿಗೆದಾರ ಬಂದ. ತಮ್ಮ ಕಂಬ ಹತ್ತುವ ಕೆಲಸಕ್ಕೆ ಇಳಿದ. ಸಂಜೆಯ ಗೋಳು ಮೊದಲಿನಂತೆಯೇ ತಿರುಗಿ ಬಂತು. ಅದಕ್ಕೆ ಯಾರೂ ಗಾಬರಿಯಾಗಲಿಲ್ಲ, ಅದು ಹಳೆಯ ಪರಿಚಯದ ಗೋಳು. ತಮ್ಮ ಮಾತ್ರ ಬದಲಾದ. ಲ್ಯಾಪ್‌ಟಾಪ್ ತೆರೆಯುವುದನ್ನು ಬಿಟ್ಟ. ಯಾವ ವಾಯರ್ ಎಲ್ಲಿಗೆ ಎಂದು ಗುತ್ತಿಗೆದಾರನ ಹುಡುಗರನ್ನೇ ಕೇಳುತ್ತಿದ್ದ, ತಾನೇ ಹಾಕಿದ್ದ ವಾಯರನ್ನು. ಚಳಿಗಾಲ ಮುಗಿಯುತ್ತಿರುವಾಗ ಅವನ ಜೊತೆ ಓದಿದವನೊಬ್ಬ ಹುಬ್ಬಳ್ಳಿಯಿಂದ ಫೋನು ಮಾಡಿದ. ಅಲ್ಲೊಂದು ದೊಡ್ಡ ಜಾಲಕ್ಕೆ ರೂಟರ್ ತಿಳಿದವರು ಬೇಕಾಗಿದ್ದರು. ತಮ್ಮ ನನ್ನ ಎದುರಿನಲ್ಲೇ ಮಾತಾಡಿದ. "ಇಲ್ಲೋ ದೋಸ್ತ, ನನಗದು ತಿಳಿಯೂದಲ್ಲ. ಒಮ್ಮೆ ಮಾಡಿ ನಾಕ ತಾಲೂಕ ಕೆಡಿಸಿ ಕುಂತೇನಿ" ಎಂದು ನಕ್ಕು ಫೋನು ಇಟ್ಟ.

ಆ ನಗುವನ್ನು ಕೇಳಿದ ಮೇಲೆ ಬಾಯಿ ಮುಚ್ಚಿಕೊಂಡಿರಲು ಆಗಲಿಲ್ಲ. ಅಲ್ಲೇ ಹೇಳಿದೆ. ಪೂಜೆ, ಆರತಿ, ನೀಲಿ ವಾಯರ್, ಕಣ್ಣಾರೆ ನೋಡಿದೆನೆಂದದ್ದು, ಗುರುವಾರದ ತಲೆನೋವು, ಎಲ್ಲವನ್ನೂ.

ಬೈಯುತ್ತಾನೆಂದು ಕಾದೆ. ಅವನು ಕೇಳಿದ್ದು ಒಂದೇ. "ವಾಯರ್ ಯಾವಾಗ ಕಿತ್ತಿ? ನಾ ಫೋನ್ ಮಾಡೂಕಿಂತ ಮೊದಲೋ, ಆಮ್ಯಾಲೋ?"

"ಸ್ವಲ್ಪ ಮೊದಲ."

ಅವನು ಕಣ್ಣು ಮುಚ್ಚಿ ಕುಳಿತ. ಬೆರಳುಗಳು ತೊಡೆಯ ಮೇಲೆ ಗೆರೆ ಎಳೆಯುತ್ತಿದ್ದವು, ಬೈಲಹೊಂಗಲ, ಸವದತ್ತಿ, ಮುನವಳ್ಳಿ, ರಾಮದುರ್ಗ, ತಿರುಗಿ ಬೈಲಹೊಂಗಲ.

"ಅಕ್ಕಾ, ಅವತ್ತ ನೀ ಮನ್ಯಾಗ ಸುಮ್ನ ಮಲಕೊಂಡಿದ್ರ ಆಗತಿತ್ತಲ್ಲ. ರಾಮದುರ್ಗದ ಹೊಸಾ ಲೈನ್ ಹಂಗ ಇತ್ತು, ಆ ವಾಯರೂ ಇದ್ದಾಗ ನಾ ರೂಟರ್ ತಗದಿದ್ರ ದಾರಿ ದುಂಡಗ ಆಗತಿತ್ತು. ಒಂದ ಕೂಗು ಸುತ್ತ ಹೊಡದ ಹೊಡದ ಒಂದಕ್ಕ ಸಾವಿರ ಆಗತಿತ್ತು. ನಾಕೂ ಊರು ಒಂದ ಗಳಿಗ್ಯಾಗ ಸಾಯತಿದ್ವು. ಆವಾಗ ರೂಟರ್ ಅಲ್ಲ, ಎಲ್ಲೋ ವಾಯರ್ ಕೂಡೇತಿ ಅಂತ ಮಾಲಕರಿಗೂ ತಿಳೀತಿತ್ತು. ನೀ ಹೋಗಿ ಅದನ್ನೂ ಅಳಿಸಿ ಬಂದಿ."

ಒಂದು ತಪ್ಪನ್ನು ಮುಚ್ಚಲು ಬಸ್ ಹತ್ತಿ ಹೋಗಿ ಅವನಿಗೆ ಉಳಿದಿದ್ದ ಒಂದೇ ದಾರಿಯನ್ನೂ ಮುಚ್ಚಿ ಬಂದಿದ್ದೆ.

ಮಾಲಕರಿಗೆ ಹೇಳಲು ಇಬ್ಬರೂ ಹೋದೆವು. ಅವರು ಕೇಳಿ ನಕ್ಕರು. "ಅಕ್ಕಾ ತಮ್ಮಾ ಕೂಡಿ ಛಲೋ ಕತಿ ಕಟ್ಟೀರಿ. ತಮ್ಮನ ತಪ್ಪ ಅಕ್ಕ ಹೊತ್ತಕೊಂಡಾಳ."

"ಇಲ್ರಿ, ದೇವ್ರ ಮ್ಯಾಲೆ ಆಣಿ" ಎಂದೆ. "ಈಗ ಹೋಗಿ ಮತ್ತ ಹಚ್ಚತೇನಿ, ನೀವ ನೋಡ್ರಿ ಬೇಕಾರ."

ತಮ್ಮ ಬೇಡವೆಂದ. ಗಿರಾಕಿಗಳಿಗೆ ತೊಂದರೆ ಎಂದ. ನನಗೆ ಹಟ ಬಂದಿತ್ತು. ಮಾಲಕರಿಗೂ ತಮಾಷೆ ಅನಿಸಿರಬೇಕು, ಯಾರೂ ಹೆಚ್ಚು ಬಳಸದ ಮಧ್ಯಾಹ್ನದ ಹೊತ್ತೊಂದನ್ನು ಅವರೇ ಹೇಳಿದರು. ಚಿಗವ್ವನಿಗೆ ಮೊದಲೇ ಫೋನು ಮಾಡಿ ಹೊಲಕ್ಕೆ ಹೋಗದಂತೆ ಮಾಡಿ ಹೋದೆ. ಮಾಡದ ಮುಂದೆ ನಿಂತು ಮೊಬೈಲ್ ಕಿವಿಗಿಟ್ಟುಕೊಂಡು, "ಹಚ್ಚಲ್ರಿ?" ಎಂದು ಕೇಳಿದೆ. "ಹಚ್ಚವಾ" ಎಂದರು. ಹಚ್ಚಿದೆ. ಸ್ವಿಚ್ಚಿನ ಲೈಟುಗಳೆಲ್ಲ ಒಮ್ಮೆಲೇ ಹುಚ್ಚು ಹಿಡಿದಂತೆ ಮಿಣುಕತೊಡಗಿದವು, ಒಂದೂ ನಿಲ್ಲಲಿಲ್ಲ. ಆ ಕಡೆ ಮಾಲಕರು, "ಕಿತ್ತೂರ ಹೋತು... ರಾಮದುರ್ಗ ಹೋತು... ಏ, ನಮ್ಮದೂ ಹೋತು!" ಎಂದು ಕೂಗಿದರು. "ಕೀಳ ತಂಗಿ, ಕೀಳ, ಲಗೂನ ಕೀಳ!"

ಕಿತ್ತೆ. ಸಾಕ್ಷಿ ಸಿಕ್ಕಿತು, ಇನ್ನು ತಮ್ಮನ ಡಬ್ಬಿಗಳು ಊರ ಬಾಯಿಗೆ ವಾಪಸು ಹೋಗುತ್ತವೆ ಎಂದುಕೊಂಡು ಬಸ್ಸಿನಲ್ಲಿ ಕುಳಿತು ಅತ್ತೆ.

ಬೈಲಹೊಂಗಲಕ್ಕೆ ಬಂದಾಗ ಮಾಲಕರು ತಮ್ಮನ ಹೆಗಲ ಮೇಲೆ ಕೈಯಿಟ್ಟು ಕುಳಿತಿದ್ದರು. "ನಿಂದೇನೂ ತಪ್ಪಿಲ್ಲ ಬಿಡಪಾ, ತಪ್ಪೆಲ್ಲಾ ಆ ವಾಯರಂದು" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಅದನ್ನ ಕತ್ತರಿಸಿ ಒಗದ ಬರಬೇಕಿಲ್ಲೇನ?" ಎಂದರು.

"ರೂಟರ್ ಮತ್ತ ಕುಂದ್ರಸೂಣ್ರಿ?" ಎಂದ ತಮ್ಮ.

"ಯಾಕ? ತಪ್ಪ ವಾಯರಂದು ಅಂತ ಈಗ ನೋಡಿದಿವಿ. ವಾಯರ್ ಇಲ್ಲ, ನಡದೈತಿ. ನಡಿಯೂ ಗಾಡಿ ಬಿಚ್ಚತಾರೇನು?"

"ಸಂಜಿಕ ತೆವಳತೈತಲ್ರಿ."

"ಸಂಜಿಕ ಎಲ್ಲಾರದೂ ತೆವಳತೈತಿ."

ತಮ್ಮ ನನ್ನ ಮುಖ ನೋಡಿದ, ನಾನು ಅವನ ಮುಖ. ಅವನ ತಪ್ಪಿಲ್ಲವೆಂದು ಒಪ್ಪಿಕೊಂಡ ಮಾಲಕರಿಗೆ ಅವನ ಉಪಾಯ ಸರಿಯಿತ್ತು ಎಂಬುದು ಬೇಕಾಗಿರಲಿಲ್ಲ.

ಅವನು ಹುಬ್ಬಳ್ಳಿಯ ಗೆಳೆಯನಿಗೆ ಅಂದೇ ತಿರುಗಿ ಫೋನು ಮಾಡಿದ. ಆ ಜಾಗ ತುಂಬಿತ್ತು. ಮತ್ತೆ ಬೇಕಾದಾಗ ಹೇಳುತ್ತೇನೆ ಎಂದನಂತೆ. ಲ್ಯಾಪ್‌ಟಾಪ್ ಮತ್ತೆ ತೆರೆದಿದ್ದಾನೆ, ಅದೊಂದು ಸಮಾಧಾನ. ನನ್ನೊಂದಿಗೆ ಮಾತು ಬಿಟ್ಟಿಲ್ಲ. ಹಬ್ಬಕ್ಕೆ ಬರುತ್ತಾನೆ, ಉಣ್ಣುತ್ತಾನೆ, ನನ್ನ ಮಕ್ಕಳನ್ನು ಬೈಕಿನಲ್ಲಿ ತಿರುಗಾಡಿಸುತ್ತಾನೆ. ಬೈಯಲೂ ಇಲ್ಲ ಇಲ್ಲಿಯವರೆಗೆ. ಬೈದಿದ್ದರೆ ಅವನ ಸಿಟ್ಟು ಬರಿದಾಗುತ್ತಿತ್ತೋ ಏನೋ.

ಮೊನ್ನೆ ಗಾಳಿಗೆ ನೇಸರಗಿಯ ಕರೆಂಟು ಹೋಗಿ ಬಂತು. ಸಂತೆಗೆಂದು ನಾನು ಅಲ್ಲೇ ಇದ್ದೆ, ಡಬ್ಬಿ ಇಟ್ಟ ಅಂಗಡಿಗೆ ಹೋಗಿ ನೋಡಿ ಅವನಿಗೆ ಫೋನು ಮಾಡಿದೆ. ಎಲ್ಲ ಲೈಟು ಉರಿಯುತ್ತಿವೆ, ವಾಯರುಗಳೆಲ್ಲ ಗಟ್ಟಿ ಇವೆ, ಬರಬೇಡ ಎಂದೆ. "ಹೂಂ ಅಕ್ಕಾ, ಛಲೋ ಆತು" ಎಂದ. ಕಾಯಿಪಲ್ಯ ಕೊಂಡು ಬಸ್ಸಿಗೆ ನಿಂತಿದ್ದೆ. ಅವನ ಬೈಕು ಬೈಲಹೊಂಗಲದ ಕಡೆಯಿಂದ ಬಂದು, ನನ್ನನ್ನು ಕಾಣದೆ, ಆ ಅಂಗಡಿಯ ಮುಂದೆ ನಿಂತಿತು. ಚಪ್ಪಲಿ ಕಳಚಿ ಒಳಗೆ ಹೋದ. ನೋಡಿಕೊಂಡು ಬರಲು.